ಅಜ್ಜಿಯ ಕಾಲದಲ್ಲಿ ಇರಲಿಲ್ಲ: ನೂನವುಟ್‌ನ ಆತ್ಮಹತ್ಯೆಗಳ ಹಿನ್ನೆಲೆ

ಕೆನಡಾದ ಉತ್ತರ ತುದಿಯಲ್ಲಿರುವ ನೂನವುಟ್ ಕರ್ನಾಟಕದ ಸುಮಾರು ಹತ್ತು ಪಟ್ಟು ದೊಡ್ಡದು. ಅಲ್ಲಿರುವ ಜನ ಮಾತ್ರ 2021ರ ಗಣತಿಯ ಪ್ರಕಾರ 36,858. ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಒಟ್ಟು 25 ಊರು. ಒಂದೂರಿಂದ ಇನ್ನೊಂದೂರಿಗೆ ರಸ್ತೆ ಇಲ್ಲ. ಹೋಗಬೇಕಂದರೆ ವಿಮಾನ ಹತ್ತಬೇಕು. ಬೇಸಿಗೆಯಲ್ಲಿ ಹಿಮ ಕರಗಿದಾಗ ಸಾಮಾನಿನ ಹಡಗು ಬರುತ್ತದೆ, ಅಷ್ಟೇ.

2013ರ ಒಂದೇ ವರ್ಷದಲ್ಲಿ ಇಲ್ಲಿ 45 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಇಷ್ಟು ಸಣ್ಣ ನಾಡಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅಂದರೆ ಆ ವರ್ಷ ದುಃಖ ತಟ್ಟದ ಮನೆ ಇರಲಿಲ್ಲ ಅಂದುಕೊಳ್ಳಬಹುದು. ನಾವು ಶಾಲೆಯಲ್ಲಿ ‘ಎಸ್ಕಿಮೋ’ ಅಂತ ಓದಿದ ಜನವೇ ಇನೂಯಿಟ್. ಅವರ ಭಾಷೆಯಲ್ಲಿ ಹಾಗಂದರೆ ‘ಜನ’ ಅಂತ. ಒಬ್ಬರೇ ಆದರೆ ಇನುಕ್. ಕೆನಡಾದಲ್ಲಿ ಇನೂಯಿಟ್ ಜನರ ನಾಲ್ಕು ಪ್ರದೇಶಗಳಿವೆ, ನೂನವುಟ್ ಅದರಲ್ಲೊಂದು. ಅಲ್ಲಿನ ಆತ್ಮಹತ್ಯೆ ಪ್ರಮಾಣ ದೇಶದ ಉಳಿದ ಕಡೆಗಿಂತ 5ರಿಂದ 25 ಪಟ್ಟು ಹೆಚ್ಚು. ಸತ್ತವರಲ್ಲಿ ಬಹುಪಾಲು ಹರೆಯದವರು, ಅದರಲ್ಲೂ ಹುಡುಗರು.

ಈ ವಿಷಯದಲ್ಲಿ ವರದಿ, ಯೋಜನೆ, ಆಯೋಗ, ಕ್ಷಮಾಪಣೆಗಳು ಎಷ್ಟಾಗಿವೆ ಅಂದರೆ ಯಾವುದು ಯಾವುದಕ್ಕೆ ಸಂಬಂಧ ಅಂತ ಹೊಸದಾಗಿ ಓದುವವರಿಗೆ ತಲೆಬುಡ ಹತ್ತುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ಮೊದಲು ಒಂದು ತಪ್ಪು ಕಲ್ಪನೆ. ನಾವು ಶಾಲೆಯಲ್ಲಿ ‘ಎಸ್ಕಿಮೋ’ ಅಂತ ಓದಿದ ಜನವೇ ಇನೂಯಿಟ್. ಅವರ ಭಾಷೆಯಲ್ಲಿ ಹಾಗಂದರೆ ‘ಜನ’ ಅಂತ. ಒಬ್ಬರೇ ಆದರೆ ಇನುಕ್. ಆರು ತಿಂಗಳು ಕತ್ತಲೆ, ಮೈ ಕೊರೆಯುವ ಚಳಿ, ಇಂಥ ಕಡೆ ಬದುಕಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ ಬಿಡಿ ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. ಆದರೆ ಚಳಿ, ಕತ್ತಲೆ ಸಾವಿರಾರು ವರ್ಷದಿಂದ ಇವೆ. ಯುವಕರ ಈ ಸಾವುಗಳು ಇರಲಿಲ್ಲ. ಹಿಂದೆಲ್ಲ ಅಪರೂಪಕ್ಕೊಮ್ಮೆ ಯಾರಾದರೂ ತೀರಾ ವಯಸ್ಸಾದವರು, ವಾಸಿಯಾಗದ ಕಾಯಿಲೆಯವರು ಹೀಗೆ ಮಾಡಿಕೊಂಡ ಕಥೆಗಳಿವೆ. 1960ರ ದಶಕದವರೆಗೂ ಹದಿಹರೆಯದವರ ಆತ್ಮಹತ್ಯೆ ಅಲ್ಲಿ ಬಹುಮಟ್ಟಿಗೆ ಕೇಳದ ಮಾತು. ಇವತ್ತು ಅಲ್ಲಿ ಅಜ್ಜಿಯಾಗಿರುವ ಹೆಂಗಸು ಹುಡುಗಿಯಾಗಿದ್ದಾಗ ಈ ಸಮಸ್ಯೆಯೇ ಇರಲಿಲ್ಲ. ಒಂದೇ ಆಯುಷ್ಯದ ಒಳಗೆ ಶುರುವಾದದ್ದು ಇದು.

ಹಾಗಾದರೆ ಆ ಆಯುಷ್ಯದಲ್ಲಿ ಏನಾಯಿತು?

ಮೊದಲು ಬಂದದ್ದು ಒಂದು ಬಿಲ್ಲೆ. ಇನೂಯಿಟ್ ಜನರಿಗೆ ಆಗ ಮನೆತನದ ಹೆಸರು ಇರಲಿಲ್ಲ. ತೀರಿಕೊಂಡ ಹಿರಿಯರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಿದ್ದರು, ಗಂಡು ಹೆಣ್ಣು ಅಂತ ನೋಡುತ್ತಿರಲಿಲ್ಲ. ಹೆಸರಿನ ಜೊತೆ ಹಿರಿಯರ ಸಂಬಂಧವೂ ಬರುತ್ತಿತ್ತು. ತನ್ನ ತಾಯಿಯ ಹೆಸರು ಪಡೆದ ಮಗುವನ್ನು ಹೆತ್ತವಳೇ ‘ಅಮ್ಮ’ ಅನ್ನುತ್ತಿದ್ದಳು. ಇದು ನಮಗೇನೂ ಹೊಸದಲ್ಲ, ಅಲ್ವಾ? ಅಜ್ಜನ ಹೆಸರು ಇಟ್ಟುಕೊಂಡ ಮೊಮ್ಮಗನನ್ನು ಗದರದ ಮನೆಗಳು ನಮ್ಮಲ್ಲೂ ಇವೆ. ಆದರೆ ಸರ್ಕಾರಿ ಕಡತಕ್ಕೆ ಈ ಪದ್ಧತಿ ಒಗ್ಗಲಿಲ್ಲ. 1941ರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟರು. ದುಂಡನೆಯ ಸಣ್ಣ ಬಿಲ್ಲೆ, ದಾರ ಪೋಣಿಸಲು ತೂತು, ಕೊರಳಿಗೆ ಹಾಕಿಕೊಳ್ಳಬೇಕು. ಪೂರ್ವದವರಿಗೆ ‘ಇ’ ಅಕ್ಷರ, ಪಶ್ಚಿಮದವರಿಗೆ ‘ಡಬ್ಲ್ಯೂ’. 1968ರಿಂದ ಏಬ್ ಓಕ್ಪಿಕ್ ಎಂಬ ಇನುಕ್ ಊರೂರು ಸುತ್ತಿ ಜನರಿಗೆ ಮನೆತನದ ಹೆಸರು ಆರಿಸಿಕೊಳ್ಳಲು ಹೇಳುವವರೆಗೂ ಈ ಸಂಖ್ಯೆಗಳೇ ನಡೆದವು.

ಆಮೇಲೆ ಬಂದದ್ದು ಹಡಗು. ನನಗೆ ಈ ಇಡೀ ಇತಿಹಾಸದಲ್ಲಿ ಮನಸ್ಸಿನಿಂದ ಹೋಗದೆ ಉಳಿದದ್ದು ಈ ಭಾಗ.

1950ರಿಂದ ‘ಸಿ. ಡಿ. ಹೋವ್’ ಎಂಬ ಹಡಗು ಪ್ರತಿ ಬೇಸಿಗೆಯಲ್ಲಿ ಪೂರ್ವ ಆರ್ಕ್ಟಿಕ್ ಕರಾವಳಿ ಸುತ್ತುತ್ತಿತ್ತು. ಅದರಲ್ಲಿ ವೈದ್ಯರು, ಎಕ್ಸ್‌ರೇ ಯಂತ್ರ ಎಲ್ಲ ಇರುತ್ತಿದ್ದವು. ಆಗ ಅಲ್ಲಿ ಕ್ಷಯರೋಗ ಜೋರಾಗಿತ್ತು. ಹಾಗಾಗಿ ಪರೀಕ್ಷೆ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಹಡಗು ಬಂದ ಕೂಡಲೇ ಊರಿನವರನ್ನೆಲ್ಲ ಹತ್ತಿಸಿಕೊಳ್ಳುತ್ತಿದ್ದರು. ಒಬ್ಬೊಬ್ಬರಾಗಿ ಎಕ್ಸ್‌ರೇ. ಚಿತ್ರದಲ್ಲಿ ಕಲೆ ಕಂಡವರು ಹಡಗಿನಲ್ಲೇ ಉಳಿಯಬೇಕು. ಎಷ್ಟೋ ಜನರಿಗೆ ದಡಕ್ಕೆ ಹೋಗಿ ಬಟ್ಟೆ ತರಲು, ಮಕ್ಕಳಿಗೆ ಹೋಗಿ ಬರುತ್ತೇನೆ ಅಂತ ಹೇಳಲು ಕೂಡ ಬಿಡಲಿಲ್ಲ. ಹಡಗು ದಕ್ಷಿಣಕ್ಕೆ ಹೋಗುತ್ತಿತ್ತು. ಅಲ್ಲಿ ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ, ಒಂದು ವರ್ಷವೋ, ಎರಡೋ, ಮೂರೋ. 1956ರ ಹೊತ್ತಿಗೆ ಏಳು ಜನ ಇನೂಯಿಟ್‌ಗಳಲ್ಲಿ ಒಬ್ಬರು ದಕ್ಷಿಣದ ಆಸ್ಪತ್ರೆಯಲ್ಲಿದ್ದರು. ಹ್ಯಾಮಿಲ್ಟನ್‌ನ ಒಂದೇ ಸ್ಯಾನಟೋರಿಯಂನಲ್ಲಿ ಆ ವರ್ಷ 332 ಜನ. ಆಗಿನ ಲೆಕ್ಕದಲ್ಲಿ ಅದೇ ದೇಶದ ಅತಿ ದೊಡ್ಡ ಇನೂಯಿಟ್ ಊರು!

ಬಹಳ ಜನ ಗುಣವಾದರು, ಅದನ್ನೂ ಹೇಳಬೇಕು. ಆದರೆ ಮೂರು ವರ್ಷದ ಮಗು ಹೋಗಿ ಆರು ವರ್ಷಕ್ಕೆ ವಾಪಸ್ ಬಂದರೆ ಅದಕ್ಕೆ ಇಂಗ್ಲಿಷ್ ಬರುತ್ತದೆ, ಅಮ್ಮನ ಮಾತು ಬರುವುದಿಲ್ಲ. ತೀರಿಕೊಂಡವರನ್ನು ಅಲ್ಲೇ ಹೂಳಿದರು. ಎಲ್ಲಿ ಅಂತ ಮನೆಯವರಿಗೆ ಸುದ್ದಿ ಮುಟ್ಟದ ಉದಾಹರಣೆಗಳು ಬೇಕಾದಷ್ಟಿವೆ. 2019ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ನೂನವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಬಂದು ಇದಕ್ಕಾಗಿ ಕ್ಷಮೆ ಕೇಳಿದರು. ಸಮಾಧಿ ಹುಡುಕಿಕೊಡಲು ಒಂದು ದಾಖಲೆ ಪಟ್ಟಿ ಆಗಲೇ ಶುರುವಾಯಿತು. ಅಷ್ಟು ಹೊತ್ತಿಗೆ ಕಾಯುತ್ತಿದ್ದ ತಾಯಂದಿರು ಬಹುತೇಕ ಹೋಗಿಬಿಟ್ಟಿದ್ದರು.

ಅದೇ ದಶಕಗಳಲ್ಲಿ ಉಳಿದದ್ದೂ ಆಯಿತು. 1953ರಲ್ಲಿ ಕೆಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ಬೇಟೆಯ ಜಾಡೂ ಗೊತ್ತಿಲ್ಲದ ಕಡೆಗೆ ಸಾಗಿಸಿದರು. ಅಲೆದಾಡುತ್ತಿದ್ದವರು ಶಾಲೆ, ಔಷಧಿ, ಮನೆ ಸಿಗುತ್ತದೆ ಅಂತ ಹೊಸ ಊರುಗಳಿಗೆ ಬಂದರು. ದೂರದ ಮಕ್ಕಳನ್ನು ವಸತಿ ಶಾಲೆಗೆ ಕರೆದೊಯ್ದರು. ಬೇಟೆಗೆ ಹೋಗಲು ಇದ್ದ ಒಂದೇ ವಾಹನ ನಾಯಿಗಾಡಿ. ಹೊಸ ಊರಿನಲ್ಲಿ ನಾಯಿ ಕಟ್ಟಿಹಾಕಬೇಕು ಅಂತ ಕಾನೂನು ಇತ್ತು, ಬಿಟ್ಟರೆ ಗುಂಡು. ಕಾನೂನು ಇಂಗ್ಲಿಷಿನಲ್ಲಿತ್ತು. 2007ರಿಂದ 2010ರವರೆಗೆ ಇದನ್ನು ವಿಚಾರಿಸಿದ ಕಿಕಿಕ್ತಾನಿ ಸತ್ಯ ಆಯೋಗ, ಇದರ ಹಿಂದೆ ಪಿತೂರಿ ಇತ್ತು ಅಂತ ಹೇಳಲಿಲ್ಲ. ನನಗೆ ಅದೇ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಯಾರೂ ಕೆಟ್ಟದು ಮಾಡಬೇಕು ಅಂತ ಹೊರಟಿರಲಿಲ್ಲ. ಪ್ರತಿ ಆದೇಶಕ್ಕೂ ಆಗ ಒಂದು ಕಾರಣ ಇತ್ತು. ಯಾವ ಆದೇಶಕ್ಕೂ ಅಲ್ಲಿನ ಜನರನ್ನು ಕೇಳಿರಲಿಲ್ಲ.

ಈಗ ದಿನಾಂಕಗಳನ್ನು ಜೋಡಿಸಿ ನೋಡಿ. ಯುವಕರ ಆತ್ಮಹತ್ಯೆ ಮೊದಲು ಏರಿದ್ದು ಅಲಾಸ್ಕಾದಲ್ಲಿ, ಆಮೇಲೆ ಗ್ರೀನ್‌ಲ್ಯಾಂಡಿನಲ್ಲಿ, ಕೊನೆಗೆ ಕೆನಡಾದ ಪೂರ್ವ ಆರ್ಕ್ಟಿಕ್‌ನಲ್ಲಿ. ಜನ ಹೊಸ ಊರುಗಳಿಗೆ ಬಂದು ನೆಲೆಸಿದ ಕ್ರಮವೂ ಇದೇ. ಈ ಅಂಕಿಗಳನ್ನು ವರ್ಷಗಟ್ಟಲೆ ಕೂಡಿಹಾಕಿದ ಜ್ಯಾಕ್ ಹಿಕ್ಸ್ ಎಂಬ ಸಂಶೋಧಕರು ಒಂದು ವಿಷಯ ಗಮನಿಸಿದರು. ಸ್ಥಳಾಂತರಗೊಂಡ ದೊಡ್ಡವರಲ್ಲಿ ಪ್ರಮಾಣ ಏರಲಿಲ್ಲ. ಏರಿದ್ದು ಆ ಊರುಗಳಲ್ಲಿ ಹುಟ್ಟಿ ಬೆಳೆದ ಮೊದಲ ಮಕ್ಕಳಲ್ಲಿ. ಪೆಟ್ಟು ಬಿದ್ದದ್ದು ಅಪ್ಪ ಅಮ್ಮನಿಗೆ. ಅದರ ನೋವು, ಕುಡಿತ, ಕೋಪ, ಮೌನದ ನಡುವೆ ಬೆಳೆದದ್ದು ಮಕ್ಕಳು.

2003ರಿಂದ 2006ರ ನಡುವೆ ನೂನವುಟ್‌ನಲ್ಲಿ ಹೀಗೆ ತೀರಿಕೊಂಡ 120 ಜನರ ಬದುಕನ್ನು ಒಂದು ಅಧ್ಯಯನ ಕೂಲಂಕಷವಾಗಿ ನೋಡಿತು. ಅದೇ ವಯಸ್ಸಿನ, ಅದೇ ಊರುಗಳ 120 ಜನರ ಜೊತೆ ಹೋಲಿಸಿತು. ತೀರಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಚಿಕ್ಕವರಿದ್ದಾಗ ದೌರ್ಜನ್ಯ ಕಂಡವರು. ಇನ್ನೊಂದು ಗುಂಪಿನಲ್ಲಿ ಅದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಖಿನ್ನತೆಯಲ್ಲೂ ಹೀಗೇ ದೊಡ್ಡ ಅಂತರ ಇತ್ತು. ಯಾವುದೋ ಒಂದು ಕಾರಣ, ಒಂದು ಜಗಳ, ಒಂದು ಬ್ರೇಕಪ್ ಅಂತ ಬೆರಳು ತೋರಿಸುವ ಹಾಗಿಲ್ಲ. ಹೊರೆ ಚಿಕ್ಕಂದಿನಿಂದ ಕೂಡುತ್ತಾ ಬಂದಿರುತ್ತದೆ.

ತಡೆಯುವ ಕೆಲಸ ಮೊದಲು ಶುರುವಾದದ್ದು ಜನರಿಂದಲೇ. 1990ರಲ್ಲಿ ಇಕಾಲುಯಿಟ್‌ನಲ್ಲಿ ‘ಕಮಾತ್ಸಿಯಾಕ್ತುತ್’ ಎಂಬ ಫೋನ್ ಸಹಾಯವಾಣಿ ಆರಂಭವಾಯಿತು. ಫೋನ್ ಎತ್ತುತ್ತಿದ್ದವರು ಊರಿನ ಸ್ವಯಂಸೇವಕರು. ಇಗ್ಲೂಲಿಕ್ ಎಂಬ ಪುಟ್ಟ ಊರಿನಲ್ಲಿ ಯುವಕರ ಸಾವಿನ ನಂತರ 1998ರಲ್ಲಿ ‘ಆರ್ಟ್‌ಸರ್ಕ್’ ಎಂಬ ಸರ್ಕಸ್ ತಂಡ ಹುಟ್ಟಿತು. ಸರ್ಕಸ್ ಯಾಕೆ ಅಂತ ನಗಬೇಡಿ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಲ್ಲಬೇಕಾದರೆ ನಾಳೆ ಸಂಜೆಯ ಪ್ರಾಕ್ಟೀಸಿಗೆ ಇಬ್ಬರೂ ಬರಲೇಬೇಕು.

1999ರ ಏಪ್ರಿಲ್ 1ರಂದು ನೂನವುಟ್ ಪ್ರತ್ಯೇಕ ಆಡಳಿತ ಪ್ರದೇಶವಾಯಿತು. 2010ರಲ್ಲಿ ಮೊದಲ ಸಮಗ್ರ ತಡೆ ಯೋಜನೆ ಬಂತು. ಕಾಗದದ ಮೇಲೆ ಒಳ್ಳೆಯ ಯೋಜನೆಯೇ. ಮೂರು ವರ್ಷದ ನಂತರ 45 ಸಾವು. ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಮುಖ್ಯ ಕೊರೋನರ್ ಪದ್ಮಾ ಸುರಮಾಲಾ ಬಹಿರಂಗ ವಿಚಾರಣೆಗೆ ಆದೇಶಿಸಿದರು. 2015ರ ಸೆಪ್ಟೆಂಬರ್‌ನಲ್ಲಿ ವಿಚಾರಣೆ ಮುಗಿಸಿದ ಜ್ಯೂರಿ, ಇದನ್ನು ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಅಂತ ಘೋಷಿಸಿ ಎಂದಿತು. ಅಕ್ಟೋಬರ್‌ನಲ್ಲಿ ನೂನವುಟ್ ಸರ್ಕಾರದ ಮುಖ್ಯಸ್ಥ, ಪ್ರೀಮಿಯರ್ ಪೀಟರ್ ಟಪ್ಟೂನಾ ‘ಬಿಕ್ಕಟ್ಟು’ ಅಂತ ಘೋಷಿಸಿದರು. ಮರುವರ್ಷ ಜುಲೈನಲ್ಲಿ ಇನೂಯಿಟ್ ಜನರ ರಾಷ್ಟ್ರೀಯ ಸಂಸ್ಥೆ ಐಟಿಕೆ ತನ್ನದೇ ತಡೆ ಯೋಜನೆ ತಂದಿತು. ಅದರಲ್ಲಿ ಆರು ಆದ್ಯತೆಗಳಿವೆ. ಮಾನಸಿಕ ಆರೋಗ್ಯ ಸೇವೆ ಆರರಲ್ಲಿ ಒಂದು ಮಾತ್ರ. ಸಾಮಾಜಿಕ ಸಮಾನತೆ, ಭಾಷೆ ಸಂಸ್ಕೃತಿಯ ಮುಂದುವರಿಕೆ, ಮಕ್ಕಳ ಆರೈಕೆ ಅದರ ಪಕ್ಕದಲ್ಲೇ ಇವೆ. ಮನೆಯ ವಿಷಯವನ್ನೇ ತೆಗೆದುಕೊಳ್ಳಿ. 2021ರ ಗಣತಿಯಲ್ಲಿ ಕೆನಡಾದ ಇನೂಯಿಟ್ ನಾಡಿನ ಅರ್ಧಕ್ಕಿಂತ ಜಾಸ್ತಿ ಇನೂಯಿಟ್ ಜನ ಕಿಕ್ಕಿರಿದ ಮನೆಗಳಲ್ಲಿದ್ದರು. ಹೊರಗೆ ಮೈನಸ್ ಮೂವತ್ತು, ಒಳಗೆ ಜಗಳ. ಹದಿನಾರರ ಹುಡುಗ ಎಲ್ಲಿಗೆ ಹೋಗಬೇಕು? ವಿಮಾನದಲ್ಲಿ ಬಂದು ಎರಡು ವಾರ ಇದ್ದು ಹೋಗುವ ಕೌನ್ಸೆಲರ್ ಅವನಿಗೆ ಒಂದು ಕೋಣೆ ಕೊಡಲಾರರು.

ತಡೆಯಲು ಆಗುತ್ತದೆಯೇ? ಆಗುತ್ತದೆ ಅನ್ನಲು ಎರಡು ಜಾಗಗಳಿವೆ, ಎರಡೂ ಆರ್ಕ್ಟಿಕ್‌ನ ಹೊರಗೆ. ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾದಲ್ಲಿ ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲೊಂಡ್ ಎಂಬ ಸಂಶೋಧಕರು ಸುಮಾರು 200 ಆದಿವಾಸಿ ಸಮುದಾಯಗಳ ಲೆಕ್ಕ ತೆಗೆದು 1998ರಲ್ಲಿ ಪ್ರಕಟಿಸಿದರು. ಕೆಲವು ಕಡೆ ಯುವಕರ ಸಾವು ರಾಷ್ಟ್ರೀಯ ಸರಾಸರಿಯ ನೂರಾರು ಪಟ್ಟು. ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಆ ಅವಧಿಯಲ್ಲಿ ಒಂದೂ ಇಲ್ಲ. ಅಂದರೆ ‘ಆದಿವಾಸಿಗಳ ಆತ್ಮಹತ್ಯೆ’ ಅನ್ನುವ ಒಂದೇ ಸಂಖ್ಯೆಗೆ ಅರ್ಥವೇ ಇಲ್ಲ. ಶಾಲೆ, ಆರೋಗ್ಯ ಕೇಂದ್ರ, ಪೊಲೀಸ್ ವ್ಯವಸ್ಥೆ, ಸ್ವಂತ ಆಡಳಿತ, ನೆಲದ ಹಕ್ಕಿನ ಹೋರಾಟ, ಸಂಸ್ಕೃತಿಗೆ ಒಂದು ಕಟ್ಟಡ, ಈ ಆರೂ ತಮ್ಮ ಕೈಯಲ್ಲೇ ಇದ್ದ ಸಮುದಾಯಗಳಲ್ಲಿ ಯುವಕರ ಆತ್ಮಹತ್ಯೆ ಸೊನ್ನೆ. 2007ರಲ್ಲಿ ಅದೇ ತಂಡ ಭಾಷೆಯ ಲೆಕ್ಕ ತೆಗೆಯಿತು. ಹೆಚ್ಚಿನ ಜನ ತಮ್ಮ ಭಾಷೆ ಮಾತಾಡುವ ಕಡೆ ಯುವಕರ ಸಾವು ಬಹುತೇಕ ಇರಲೇ ಇಲ್ಲ.

ಇನ್ನೊಂದು ಜಾಗ ಅಮೆರಿಕದ ಅರಿಜೋನಾ. ವೈಟ್ ಮೌಂಟನ್ ಅಪಾಚೆ ಜನರ ಮಂಡಳಿ 2001ರ ಸುಮಾರಿಗೆ ಒಂದು ನಿಯಮ ಮಾಡಿತು. ಯಾರಾದರೂ ಸಾಯುವ ಮಾತಾಡಿದರೆ, ಪ್ರಯತ್ನ ಪಟ್ಟರೆ, ಗೊತ್ತಾದವರು ತಿಳಿಸಲೇಬೇಕು. ಶಿಕ್ಷಕ, ಪೊಲೀಸ್, ನೆರೆಯವರು, ಯಾರೇ ಆಗಲಿ. ತಿಳಿಸಿದ ಮೇಲೆ ಅಪಾಚೆಯವರೇ ಆದ ಕಾರ್ಯಕರ್ತರು ಆ ಮನೆಗೆ ಹೋಗಿ ಮಾತಾಡಿಸುತ್ತಾರೆ. ಆಸ್ಪತ್ರೆಗೆ ಬೇಕಾದರೆ ಕರೆದುಕೊಂಡು ಹೋಗುತ್ತಾರೆ, ಮತ್ತೆ ಬಂದು ನೋಡುತ್ತಾರೆ. ಹಿರಿಯರು ಶಾಲೆಗಳಿಗೆ ಹೋಗಿ ಮಕ್ಕಳಿಗೆ ತಮ್ಮ ಭಾಷೆ, ಕಥೆ ಹೇಳುತ್ತಾರೆ. ಈ ಕೆಲಸಕ್ಕೆ ಜೊತೆಯಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕೇಂದ್ರವನ್ನು 1991ರಲ್ಲಿ ಕಟ್ಟಿದವರು ಭಾರತದಲ್ಲಿ ಹುಟ್ಟಿದ ವೈದ್ಯ ಮಥುರಾಮ್ ಸಂತೋಷಮ್. ಅವರು ಅಪಾಚೆ ಜನರ ನಡುವೆ ಮೊದಲು ಕೆಲಸ ಮಾಡಿದ್ದು ಮಕ್ಕಳ ಭೇದಿಗೆ ಉಪ್ಪು ಸಕ್ಕರೆ ನೀರು ಕೊಡುವ ವಿಷಯದಲ್ಲಿ. 2001–06ರಲ್ಲಿ ಲಕ್ಷಕ್ಕೆ 40 ಇದ್ದ ಆತ್ಮಹತ್ಯೆ ಪ್ರಮಾಣ 2007–12ರಲ್ಲಿ 24.7ಕ್ಕೆ ಇಳಿಯಿತು. ಸುಮಾರು ಅದೇ ಅವಧಿಯಲ್ಲಿ ಅಮೆರಿಕದ ಒಟ್ಟು ಪ್ರಮಾಣ ಏರುತ್ತಿತ್ತು.

ಅಪಾಚೆ ಮಾದರಿಯಲ್ಲಿ ಯಂತ್ರ, ಔಷಧ ಅಂತ ಹೊಸದೇನೂ ಇಲ್ಲ. ಬಾಗಿಲು ತಟ್ಟುವವರು ಮನೆಯವರ ಭಾಷೆ ಬಲ್ಲವರು, ಅಷ್ಟೇ. ಭಾಷೆ ಅಂದಾಗ ನಮ್ಮ ಪದವೂ ನೆನಪಾಗುತ್ತದೆ. ‘ಆತ್ಮಹತ್ಯೆ’ಯೊಳಗೆ ಹತ್ಯೆ ಕೂತಿದೆ, ಅಪರಾಧದ ವಾಸನೆ ಇದೆ. ‘ಜೀವ ಕಳಕೊಂಡ’ ಅನ್ನುವ ನಮ್ಮ ಹಳ್ಳಿಯ ಮಾತಿನಲ್ಲಿ ಆ ವಾಸನೆ ಇಲ್ಲ. ಇದನ್ನು ಓದುತ್ತಾ ಮನಸ್ಸು ಭಾರವಾದರೆ, ಅಥವಾ ಯಾರದ್ದಾದರೂ ನೆನಪಾಗಿ ಚಿಂತೆಯಾದರೆ, ನಮ್ಮಲ್ಲಿ ಟೆಲಿ-ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಕೆನಡಾದಲ್ಲೂ 2023ರ ನವೆಂಬರ್ ಕೊನೆಯಲ್ಲಿ 988 ಎಂಬ ರಾಷ್ಟ್ರೀಯ ಸಹಾಯವಾಣಿ ಶುರುವಾಯಿತು, ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ.

ನೂನವುಟ್‌ನ ಶಾಲೆಗಳ ಕಥೆಯೂ ಇದಕ್ಕೆ ಅಂಟಿಕೊಂಡೇ ಇದೆ. ಎಲ್ಲ ತರಗತಿಗಳಲ್ಲೂ ತಮ್ಮ ಭಾಷೆಯ ಶಿಕ್ಷಣ 2019ರ ಹೊತ್ತಿಗೆ ಸಿಗುತ್ತದೆ ಅಂತ 2008ರ ಕಾಯ್ದೆ ಹೇಳಿತ್ತು. ಶಿಕ್ಷಕರು ಸಾಲಲಿಲ್ಲ. 2020ರ ತಿದ್ದುಪಡಿ ಆ ಗಡುವನ್ನು 2039ಕ್ಕೆ ತಳ್ಳಿತು. ಅಲ್ಲಿ ಸಾವು ಅತಿ ಹೆಚ್ಚು 15ರಿಂದ 24ರ ವಯಸ್ಸಿನಲ್ಲಿ. 2020ರಲ್ಲಿ ಆರು ವರ್ಷ ತುಂಬಿ ಒಂದನೇ ಕ್ಲಾಸಿಗೆ ಸೇರಿದ ಮಗುವಿಗೆ 2039ರಲ್ಲಿ 25 ಆಗಿರುತ್ತದೆ.