ಹತ್ತು ಖಾನೆ ಇದೆ ಅಂತ ಹತ್ತೂ ತುಂಬಬೇಕಾ?

ಸೆಪ್ಟೆಂಬರ್ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಮಗನೋ ಮಗಳೋ ಆಗಷ್ಟೇ ಒಂಬತ್ತನೇ ಕ್ಲಾಸಿಗೆ ಕಾಲಿಟ್ಟಿರುತ್ತಾರೆ, ಅಪ್ಪ-ಅಮ್ಮನದು ಒಂದೇ ಪ್ರಶ್ನೆ: "ಮೇಡಂ, ಯಾವ ಆಕ್ಟಿವಿಟಿಗೆ ಸೇರಿಸಿದರೆ ಒಳ್ಳೆಯದು?" ಅಮೆರಿಕದ ನ್ಯೂಜೆರ್ಸಿಯಲ್ಲಿ ಕೂತು ಕಾಲೇಜು ಅರ್ಜಿಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಇಲ್ಲಿನ ಎಷ್ಟೋ ಕಾಲೇಜುಗಳು ಅಂಕದ ಜೊತೆಗೆ ಮಗು ಪಾಠದ ಹೊರಗೆ ಏನೇನು ಮಾಡಿದೆ ಅಂತಲೂ ನೋಡುತ್ತವೆ. ಬರುವವರಲ್ಲಿ ಕನ್ನಡದವರೇ ಜಾಸ್ತಿ, ಅದಕ್ಕೇ ಒಮ್ಮೆ ಕನ್ನಡದಲ್ಲೇ ಬರೆದುಬಿಡೋಣ ಅನಿಸಿತು.

ಮೊದಲು ಫಾರಂ ನೋಡಿ. ಇಲ್ಲಿನ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ನಡೆಯುವ ಒಂದೇ ಅರ್ಜಿ, ಕಾಮನ್ ಆಪ್‌ನಲ್ಲಿ ಚಟುವಟಿಕೆಗೆ ಅಂತ 10 ಖಾನೆ ಇದೆ. ಒಂದೊಂದರಲ್ಲೂ ಏನು ಮಾಡಿದೆ ಅಂತ ಹೇಳಲು ಸಿಗುವುದು 150 ಅಕ್ಷರ, ಪದಗಳ ನಡುವಿನ ಖಾಲಿ ಜಾಗವೂ ಅದರಲ್ಲೇ ಬಂತು. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ಕೇಳುತ್ತಾರೆ. ಎಂಐಟಿ ತನ್ನದೇ ಫಾರಂ ಇಟ್ಟುಕೊಂಡಿದೆ, ಅಲ್ಲಿ ಬರೀ ನಾಲ್ಕೇ ಚಟುವಟಿಕೆಗೆ ಜಾಗ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ್ದು ಇನ್ನೊಂದು ತರಹ, ಬಹುಮಾನ ಚಟುವಟಿಕೆ ಎಲ್ಲ ಸೇರಿ 20.

ಖಾನೆ ಖಾಲಿ ಕಂಡರೆ ನಮ್ಮವರಿಗೆ ಸಂಕಟ. ಮದುವೆ ಊಟದ ಎಲೆಯಲ್ಲಿ ಪಲ್ಯದ ಜಾಗ ಬರಿದಾಗಿದ್ದರೆ ಆಗುತ್ತಲ್ಲ, ಹಾಗೆ. ಡಿಬೇಟು, ರೋಬೊಟಿಕ್ಸು, ಭರತನಾಟ್ಯ, ಟೆನಿಸ್ಸು, ಆಸ್ಪತ್ರೆ ಸೇವೆ, ಬಡವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕು ಅಂತ ತುಂಬುತ್ತಾ ಹೋಗುತ್ತಾರೆ. ಹೋದ ವರ್ಷ ಒಬ್ಬ ಹುಡುಗನ ಫಾರಂನಲ್ಲಿ ಗಂಟೆಗಳನ್ನು ಕೂಡಿಸಿ ನೋಡಿದೆ, ವಾರಕ್ಕೆ 62 ಬಂತು. ಶಾಲೆಗೇ 35 ಗಂಟೆ ಹೋಗುತ್ತದೆ, ಅದರ ಮೇಲೆ ಹೋಮ್‌ವರ್ಕ್. ಹುಡುಗ ನಿದ್ದೆ ಮಾಡುವುದು ಯಾವಾಗ? ಅರ್ಜಿ ಓದುವವರಿಗೂ ಕೂಡುವ ಲೆಕ್ಕ ಬರುತ್ತದೆ, ಅಲ್ವಾ? ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವರಂತೂ ಕೆಲವು ಅರ್ಜಿಗಳನ್ನು ಸುಮ್ನೆ ಚೀಟಿ ಎತ್ತಿದ ಹಾಗೆ ಎತ್ತಿ, ಬರೆದದ್ದಕ್ಕೆ ಆಧಾರ ಕೊಡಿ ಅಂತ ಕೇಳುತ್ತಾರೆ.

ಇನ್ನೊಂದು ಕಾಯಿಲೆ ಈಚೆಗೆ ಶುರುವಾಗಿದೆ, ಫೌಂಡರ್ ಆಗುವುದು. ಹದಿನಾರು ವರ್ಷದ ಮಕ್ಕಳೆಲ್ಲ ಒಂದೊಂದು ಸೇವಾ ಸಂಸ್ಥೆಯ ಸ್ಥಾಪಕರು. ಒಂದು ಲೋಗೊ, ಒಂದು ವೆಬ್‌ಸೈಟು, ಸದಸ್ಯರು ಅಂದರೆ ತಂಗಿ ಮತ್ತು ಪಕ್ಕದ ಮನೆ ಹುಡುಗ. ನಾನು ಇದಕ್ಕೆ ಬೇಡ ಅಂತ ನೇರವಾಗಿ ಹೇಳುತ್ತೇನೆ, ಕೆಲವರಿಗೆ ಬೇಜಾರಾಗುತ್ತದೆ, ಆಗಲಿ. ಊರಿನ ಫುಡ್ ಬ್ಯಾಂಕಿನಲ್ಲಿ ಎರಡು ವರ್ಷ ಪ್ರತಿ ಶನಿವಾರ ಡಬ್ಬಿ ಜೋಡಿಸಿ, ಆಮೇಲೆ ಹೊಸಬರಿಗೆ ಕೆಲಸ ಹೇಳಿಕೊಡುವ ಮಟ್ಟಕ್ಕೆ ಬಂದ ಹುಡುಗಿಯ ಹತ್ತಿರ ಬರೆಯಲು ನಿಜವಾದ ವಿಷಯ ಇರುತ್ತದೆ.

ಬೇಸಿಗೆಯಲ್ಲಿ ಊರಿಗೆ ಹೋಗಿ ಮಾಡುವ ಸೇವೆ ಬಗ್ಗೆಯೂ ಒಂದು ಮಾತು. ಇಲ್ಲಿ ಶಾಲೆ ಮುಗಿಯುವುದು ಜೂನ್ ನಡುವೆ. ಕರ್ನಾಟಕದಲ್ಲಿ ಅಷ್ಟರಲ್ಲಿ ಶಾಲೆ ಆಗಲೇ ಶುರುವಾಗಿರುತ್ತದೆ, ದಾಖಲಾತಿ, ಪಠ್ಯಪುಸ್ತಕ ಹಂಚುವುದು ಅಂತ ಮೇಷ್ಟ್ರುಗಳಿಗೆ ಉಸಿರಾಡಲು ಪುರಸೊತ್ತಿಲ್ಲ. ಆ ಹೊತ್ತಿಗೆ ಇಲ್ಲಿನ ನಮ್ಮ ಮಕ್ಕಳು ಹತ್ತು ದಿನ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಹೋಗಿ, ಫೋಟೊ ತೆಗೆಸಿಕೊಂಡು ವಾಪಸ್. ಮಗುವಿಗೆ ನಿಜವಾಗಿ ಆಸೆ ಇದ್ದರೆ ಆ ಶಾಲೆಯ ಮೇಷ್ಟ್ರನ್ನೇ ಕೇಳಲಿ, ಅವರಿಗೆ ಏನು ಬೇಕು ಅಂತ. ಒಬ್ಬ ಹುಡುಗನಿಗೆ ಬಂದ ಉತ್ತರ, "ಇಂಗ್ಲಿಷ್ ಬೇಡಪ್ಪ, ಏಳನೇ ಕ್ಲಾಸಿನವರಿಗೆ ಭಿನ್ನರಾಶಿ ತಲೆಗೆ ಹೋಗ್ತಿಲ್ಲ." ಅವನು ಇಲ್ಲಿಗೆ ವಾಪಸ್ ಬಂದ ಮೇಲೂ ವಾರಕ್ಕೊಂದು ದಿನ ವಿಡಿಯೊ ಕರೆಯಲ್ಲಿ ಲೆಕ್ಕ ಹೇಳಿಕೊಟ್ಟ, ಒಂದೂವರೆ ವರ್ಷ. ಕನ್ನಡ ತಡವರಿಸುತ್ತಿದ್ದ, ಆ ಮಕ್ಕಳು ತಿದ್ದುತ್ತಿದ್ದರು.

ಈಗ ನನಗೆ ತುಂಬಾ ಹತ್ತಿರವಾದ ವಿಷಯ. ಮಕ್ಕಳು ಮನೆಯಲ್ಲಿ ಮಾಡುವ ಕೆಲಸವನ್ನು ನಮ್ಮವರು ಬರೆಯುವುದೇ ಇಲ್ಲ. ಕಾಮನ್ ಆಪ್‌ನ ಪಟ್ಟಿಯಲ್ಲೇ ಮನೆ ಜವಾಬ್ದಾರಿ ಅಂತ ಒಂದು ವಿಭಾಗ ಇದೆ, ಸಂಬಳದ ಕೆಲಸ ಅಂತ ಇನ್ನೊಂದು. 2016ರಲ್ಲಿ ಹಾರ್ವರ್ಡ್‌ನ ಶಿಕ್ಷಣ ವಿಭಾಗದಿಂದ ಬಂದ ವರದಿಯೊಂದು ಇದನ್ನೇ ಹೇಳಿತ್ತು: ಎರಡು ಮೂರು ಗಟ್ಟಿಯಾದ ಚಟುವಟಿಕೆ ಸಾಕು, ಮನೆಯವರಿಗಾಗಿ ದುಡಿದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ.

ಒಬ್ಬಳು ಹುಡುಗಿ ಬಂದಿದ್ದಳು, ಆರು ಖಾನೆ ತುಂಬಿಸಿ ಉಳಿದದ್ದಕ್ಕೆ ಏನೂ ಇಲ್ಲ ಆಂಟಿ ಅಂತ ಸಪ್ಪೆ ಮುಖ. ಸಂಜೆ ಯಾಕೆ ಯಾವ ಕ್ಲಬ್ಬಿಗೂ ಹೋಗಲ್ಲ ಅಂತ ಕೇಳಿದೆ. ಮನೆಯಲ್ಲಿ ಅಜ್ಜಿ ಇದ್ದಾರೆ, ಇಂಗ್ಲಿಷ್ ಬರಲ್ಲ, ಸಕ್ಕರೆ ಕಾಯಿಲೆ, ಅಮ್ಮ ಕೆಲಸದಿಂದ ಬರುವುದು ಎಂಟಕ್ಕೆ. ಅದನ್ನೇ ಬರಿ ಅಂದೆ. "ಅದು ಆಕ್ಟಿವಿಟಿನಾ?" ಅಂದಳು. ಮೊದಲ ಸಲ ಬರೆದು ತಂದದ್ದರಲ್ಲಿ ಪ್ಯಾಶನೇಟ್, ಲೀಡರ್‌ಶಿಪ್, ಎಂಪಥಿ ಎಲ್ಲ ಇತ್ತು, ಅಜ್ಜಿಯೇ ಇರಲಿಲ್ಲ. ಒಂದು ಗಂಟೆ ಕೂತು ಒಂದೊಂದೇ ಪದ ಕಿತ್ತೆವು. ಕೊನೆಗೆ ಉಳಿದದ್ದು ಸುಮಾರು ಹೀಗೆ: ಅಜ್ಜಿಗೆ ದಿನಾ ಸಂಜೆ ಇನ್ಸುಲಿನ್, ಶುಗರ್ ಬರೆದಿಡುವುದು, ಡಾಕ್ಟರ ಮಾತು ಕನ್ನಡದಲ್ಲಿ ಹೇಳುವುದು, ತಮ್ಮನಿಗೆ ಊಟ. ಇಂಗ್ಲಿಷಿನಲ್ಲಿ 150 ಅಕ್ಷರದ ಒಳಗೇ ಕೂತಿತು. ವಾರಕ್ಕೆ 14 ಗಂಟೆ, ವರ್ಷಕ್ಕೆ 50 ವಾರ. ಅವಳ ಫಾರಂನಲ್ಲಿ ಅಷ್ಟು ಗಂಟೆ ಬೇರೆ ಯಾವುದಕ್ಕೂ ಇರಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಒಂಬತ್ತನೇ ಕ್ಲಾಸಿನಲ್ಲಿ ನಾಲ್ಕೈದು ಕಡೆ ಕಾಲು ಹಾಕಲಿ, ತಪ್ಪೇನಿಲ್ಲ. ಹತ್ತನೇ ಕ್ಲಾಸಿಗೆ ಬರುವಾಗ ಯಾವುದಕ್ಕೆ ಎಬ್ಬಿಸದೇ ಏಳುತ್ತಾನೆ ಅಂತ ನೋಡಿ. ಉಳಿದದ್ದು ಬಿಡಿಸಿ, ಕಟ್ಟಿದ ಫೀಸಿನ ಮುಖ ನೋಡಬೇಡಿ. ಕೆಲವು ಕಡೆ ಸೇವೆ ಮಾಡಲೇಬೇಕು, ಮೇರಿಲ್ಯಾಂಡ್‌ನಲ್ಲಿ ಸರ್ಕಾರಿ ಶಾಲೆಯವರು 75 ಗಂಟೆ, ಇಲ್ಲವೇ ತಮ್ಮ ಜಿಲ್ಲೆ ಹಾಕಿಕೊಟ್ಟ ಸೇವಾ ಕಾರ್ಯಕ್ರಮ, ಮುಗಿಸದಿದ್ದರೆ ಹೈಸ್ಕೂಲ್ ಡಿಪ್ಲೊಮಾನೇ ಇಲ್ಲ. ಅಲ್ಲಿಯೂ ಮಕ್ಕಳು ಗಂಟೆ ಮುಗಿದ ಮೇಲೆ ಮತ್ತೆ ಹೋಗುತ್ತಾರಾ ಇಲ್ವಾ, ನಾನು ಕೇಳುವುದು ಅದನ್ನು.

ಒಂದು ನೋಟ್‌ಬುಕ್ ಕೊಡಿಸಿ. ತಾರೀಖು, ಎಷ್ಟು ಹೊತ್ತು, ಏನು ಮಾಡಿದೆ, ಅವತ್ತು ಏನು ಕೆಟ್ಟಿತು, ಎರಡು ಸಾಲು ಸಾಕು. ಫಾರಂ ತೆರೆಯುವುದು ಆಗಸ್ಟ್ 1ಕ್ಕೆ, ಆಗ ಮೂರು ವರ್ಷದ ಹಿಂದಿನದು ಯಾರಿಗೂ ನೆನಪಿರುವುದಿಲ್ಲ. ನನ್ನ ಹತ್ತಿರ ಬರುವಾಗ ಆ ನೋಟ್‌ಬುಕ್ ತನ್ನಿ. ಮೊದಲ ಅರ್ಧ ಗಂಟೆ ಮಗುವಿನ ಜೊತೆ ನಾನೊಬ್ಬಳೇ ಮಾತಾಡುತ್ತೇನೆ, ಅಪ್ಪ-ಅಮ್ಮ ಹೊರಗೆ ಕೂತಿರಿ, ಕಾಫಿ ಫ್ಲಾಸ್ಕಿನಲ್ಲಿ ಇರುತ್ತದೆ.