ಟ್ಯೂಬ್ ಪ್ರಿಆಂಪ್ ಅಂದರೇನು, ಹೋಲಿಸುವಾಗ ಏನು ನೋಡಬೇಕು?

ಟರ್ನ್‌ಟೇಬಲ್, ಸಿ.ಡಿ. ಪ್ಲೇಯರ್, ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ) ಇವುಗಳಲ್ಲಿ ಬೇಕಾದ್ದನ್ನು ಆರಿಸಿ, ವಾಲ್ಯೂಮ್ ಹೊಂದಿಸಿ, ಸ್ಪೀಕರ್ ನಡೆಸುವ ಪವರ್ ಆಂಪ್‌ಗೆ ಸಿಗ್ನಲ್ ಕಳಿಸುವ ಪೆಟ್ಟಿಗೆಯೇ ಪ್ರಿಆಂಪ್. ಒಳಗೆ ಸಿಗ್ನಲ್ ಹಿಗ್ಗಿಸುವುದು ಟ್ರಾನ್ಸಿಸ್ಟರ್ ಅಲ್ಲ, ಗಾಜಿನ ವಾಲ್ವ್ ಆದರೆ ಅದು ಟ್ಯೂಬ್ ಪ್ರಿಆಂಪ್. ಹಳೇ ರೇಡಿಯೋಗಳಲ್ಲಿ ಕೆಂಪಗೆ ಬೆಳಗುತ್ತಿತ್ತಲ್ಲ, ಅದೇ ವಾಲ್ವ್, ಅಂದರೆ ಟ್ಯೂಬ್.

ದುಬಾರಿ ಪ್ರಿಆಂಪ್‌ಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ಕೇಳುವುದು 'ಯಾವ ಟ್ಯೂಬ್?' ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಔಟ್‌ಪುಟ್ ಇಂಪಿಡೆನ್ಸ್ (ಹೊರಹೋಗುವ ಸಿಗ್ನಲ್‌ಗೆ ಪ್ರಿಆಂಪ್ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಎಷ್ಟು ಅಂತ. ಪವರ್ ಆಂಪ್‌ನ ಇನ್‌ಪುಟ್ ಇಂಪಿಡೆನ್ಸ್ ಅದರ ಹತ್ತು ಪಟ್ಟಾದರೂ ಇರಬೇಕು. ಇನ್ನೊಂದು ವಿಷಯ: ಟ್ಯೂಬಿನ ಹೈ ವೋಲ್ಟೇಜ್ ಹೊರಗೆ ಹೋಗದಂತೆ ಸಾಮಾನ್ಯವಾಗಿ ಔಟ್‌ಪುಟ್‌ನಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಬಾಸ್ (ತಗ್ಗಿನ ಸ್ವರ) ಎಲ್ಲಿಂದ ಕುಂದುತ್ತದೆ ಅನ್ನುವುದು ಇದರ ಮತ್ತು ಪವರ್ ಆಂಪ್‌ನ ಇನ್‌ಪುಟ್ ಇಂಪಿಡೆನ್ಸ್‌ನ ಮೇಲೆ ನಿಂತಿದೆ. ಕೆಪಾಸಿಟರ್ 0.47 ಮೈಕ್ರೋಫ್ಯಾರಡ್ ಅಂತಿಟ್ಟುಕೊಳ್ಳಿ. ಪವರ್ ಆಂಪ್‌ನ ಇನ್‌ಪುಟ್ ಇಂಪಿಡೆನ್ಸ್ 100 ಕಿಲೋಓಮ್ ಆದರೆ ಬಾಸ್ ಸುಮಾರು 3 ಹರ್ಟ್ಸ್‌ವರೆಗೂ ಹೆಚ್ಚು ಕುಂದದೆ ಸಿಗುತ್ತದೆ. 10 ಕಿಲೋಓಮ್‌ನ ಟ್ರಾನ್ಸಿಸ್ಟರ್ ಆಂಪ್ ಹಾಕಿದರೆ 34 ಹರ್ಟ್ಸ್‌ಗೇ 3 ಡೆಸಿಬಲ್, ಅಂದರೆ ಅರ್ಧ ಪವರ್, ಹೋಗಿಬಿಡುತ್ತದೆ. ಪ್ರಿಆಂಪ್ ಅದೇ, ಬಾಸ್ ಬೇರೆ! ಆಮೇಲೆ 'ಟ್ಯೂಬ್ ಅಂದ್ರೆ ಬಾಸ್ ಇರಲ್ಲ' ಅಂತ ಸುಮ್ನೆ ಬೈಯೋದು.

ಮುಂದಿನದು ಗೇನ್, ಅಂದರೆ ಪ್ರಿಆಂಪ್ ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು. ಸಿ.ಡಿ. ಪ್ಲೇಯರ್ ತಾನೇ 2 ವೋಲ್ಟ್ ಕೊಡುತ್ತದೆ. ಹೆಚ್ಚಿನ ಪವರ್ ಆಂಪ್‌ಗಳಿಗೆ ಪೂರ್ತಿ ಕೆಲಸ ಮಾಡಲು 1ರಿಂದ 2 ವೋಲ್ಟ್ ಸಾಕು. ಅದರ ಮೇಲೆ 20 ಡೆಸಿಬಲ್, ಅಂದರೆ ಹತ್ತು ಪಟ್ಟು, ಯಾಕೆ ಬೇಕು ಹೇಳಿ? ನಾಬ್ ಚೂರು ತಿರುಗಿಸಿದರೆ ಸಾಕು, ಕಿವಿ ಕಿತ್ತು ಬರುತ್ತದೆ. ಹಾಗಂತ ವಾಲ್ಯೂಮ್ ಇಳಿಸಿದರೂ ಅದರ ನಂತರದ ಟ್ಯೂಬಿನ 'ಸ್ಸ್' ಸದ್ದು ಇಳಿಯುವುದಿಲ್ಲ. ಸೆನ್ಸಿಟಿವಿಟಿ ಜಾಸ್ತಿ ಇರುವ, ಅಂದರೆ ಕಡಿಮೆ ಪವರ್‌ಗೇ ಜೋರಾಗಿ ಕೇಳಿಸುವ ಸ್ಪೀಕರ್ ಆದರೆ ಕೂತಲ್ಲಿಗೇ ಕೇಳಿಸುತ್ತದೆ.

ಟ್ಯೂಬ್ ಬದಲಿಸುವ ಹುಚ್ಚೂ ಇದೆಯಲ್ವಾ? 12ಎಎಕ್ಸ್7 ಮತ್ತು 12ಎಯು7 ಎಂಬ ಟ್ಯೂಬ್‌ಗಳು ಒಂದೇ ಸಾಕೆಟ್‌ಗೆ ಕೂರುತ್ತವೆ. ಆದರೆ ಮೊದಲನೆಯದರ ವರ್ಧನಾಂಕ (ಸಿಗ್ನಲ್ ಹಿಗ್ಗಿಸುವ ಸಾಮರ್ಥ್ಯದ ಅಳತೆ) 100, ಎರಡನೆಯದರದ್ದು ಸುಮಾರು 20. ಕೂತಿತು ಅಂತ ಹಾಕುವ ಹಾಗಿಲ್ಲ, ತಯಾರಕರು ಒಪ್ಪಿದ್ದನ್ನೇ ಹಾಕಿ.

ಕೇಳಿ ಹೋಲಿಸುವಾಗ ಎರಡರ ಸದ್ದನ್ನೂ ಮೀಟರ್ ಇಟ್ಟು ಸಮ ಮಾಡಿ. ಒಂಚೂರು ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುತ್ತದೆ. ಆಮೇಲೆ ವಾಲ್ಯೂಮ್ ತಗ್ಗಿಸಿ, ಹೊರಗೆ ಕಾಣುವ ಟ್ಯೂಬನ್ನು ಪೆನ್ಸಿಲ್‌ನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ 'ಟಿಣ್' ಅಂತ ಜೋರಾಗಿ ಕೇಳಿಸಿದರೆ ಆ ಟ್ಯೂಬ್ ಮೈಕ್ರೋಫೋನಿಕ್, ಅಂದರೆ ಅಲುಗಾಟವನ್ನೂ ಸದ್ದು ಮಾಡಿಬಿಡುತ್ತದೆ. ಟ್ಯೂಬ್ ಮುಚ್ಚಳದೊಳಗಿದ್ದರೆ ಈ ಪರೀಕ್ಷೆ ಬೇಡ. ಅಲ್ಲಿ 200–300 ವೋಲ್ಟ್ ಇರುತ್ತದೆ.