ಲೋಳೆಪೊರೆಯ ಮೆಲನೋಮದ ಉತ್ಪರಿವರ್ತನೆಗಳನ್ನು ಓದುವ ಬಗೆ

ಮೂಗಿನ ಒಳಭಾಗ, ಸೈನಸ್, ಬಾಯಿ, ಗುದನಾಳ, ಯೋನಿ ಮುಂತಾದ ಕಡೆಯ ಲೋಳೆಪೊರೆಯಲ್ಲಿ, ಅಂದರೆ ಒಳಗಿನ ತೇವದ ಹೊದಿಕೆಯಲ್ಲಿ, ಹುಟ್ಟುವ ಮೆಲನೋಮಕ್ಕೆ (ಬಣ್ಣ ತಯಾರಿಸುವ ಕೋಶಗಳ ಕ್ಯಾನ್ಸರಿಗೆ) ಚರ್ಮದ ಮೆಲನೋಮದ ಪಾಠ ಅಷ್ಟಾಗಿ ಅನ್ವಯಿಸುವುದಿಲ್ಲ. ಚರ್ಮದಲ್ಲಿ ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಸಿಗುವ ಬಿರಾಫ್ (BRAF) ವಂಶವಾಹಿಯ 600ನೇ ಸ್ಥಾನದ ಉತ್ಪರಿವರ್ತನೆ (ಡಿಎನ್‌ಎಯಲ್ಲಾದ ಬದಲಾವಣೆ) ಇಲ್ಲಿ ವಿರಳ. ನೇರಳಾತೀತ ಕಿರಣಗಳು ಡಿಎನ್‌ಎಯಲ್ಲಿ ಬಿಟ್ಟುಹೋಗುವ ಗುರುತೂ ಬಹುಪಾಲು ಗಡ್ಡೆಗಳಲ್ಲಿ ಕಾಣುವುದಿಲ್ಲ. ಪಾಶ್ಚಾತ್ಯ ದೇಶಗಳ ಮೆಲನೋಮಗಳಲ್ಲಿ ಇದರ ಪಾಲು ಶೇ 1ರ ಆಸುಪಾಸಿನಲ್ಲಿದ್ದರೆ ಚೀನಾದಲ್ಲಿ ಶೇ 20ನ್ನು ದಾಟುತ್ತದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅಲ್ಲಿ ಚರ್ಮದ ಮೆಲನೋಮ ಕಡಿಮೆ ಇರುವುದು.

ಡಿಎನ್‌ಎಯ ಒಂದೊಂದೇ ಅಕ್ಷರ ಬದಲಾಗುವ ಉತ್ಪರಿವರ್ತನೆಗಳು ಈ ಗಡ್ಡೆಗಳಲ್ಲಿ ಕಡಿಮೆ. ಹಾಗೆಂದು ಜೀನೋಮ್ (ಕೋಶದ ಇಡೀ ಡಿಎನ್‌ಎ) ನೆಮ್ಮದಿಯಾಗಿದೆ ಎಂದುಕೊಳ್ಳಬಾರದು: ವರ್ಣತಂತುಗಳ ತುಂಡುಗಳು ಮುರಿದು ಬೇರೆಡೆ ಕೂಡಿಕೊಂಡಿರುತ್ತವೆ, ಕೆಲವು ಭಾಗಗಳು ಅಳಿದಿರುತ್ತವೆ, ಕೆಲವು ಹಲವು ಪ್ರತಿಗಳಾಗಿ ಹೆಚ್ಚಿರುತ್ತವೆ. ಇಡೀ ಜೀನೋಮನ್ನು ಓದಿದ 2017ರ ಮತ್ತು 2019ರ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು.

ವಂಶವಾಹಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ನನಗೆ ಹೆಚ್ಚು ಒದಗಿಬಂದದ್ದು ಒಂದೇ ಪ್ರಶ್ನೆ: ಬೇರೆ ಬೇರೆ ರೋಗಿಗಳಲ್ಲಿ ಪೆಟ್ಟು ಒಂದೇ ಜಾಗಕ್ಕೆ ಬಿದ್ದಿದೆಯೋ, ವಂಶವಾಹಿಯ ಉದ್ದಕ್ಕೂ ಚದುರಿದೆಯೋ? ಒಂದು ಪ್ರೋಟೀನನ್ನು ಕೆಡಿಸಲು ಎಲ್ಲಿ ಕತ್ತರಿಸಿದರೂ ಸಾಕು, ಆದರೆ ಅದನ್ನು ಸದಾ ಚಾಲೂ ಇಡಲು ಕೆಲವೇ ಜಾಗಗಳಲ್ಲಿ ಸಾಧ್ಯ. ಹೊರಗಿನ ಸಂಕೇತವನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ತಯಾರಿಸುವ ಕಿಟ್ (KIT) ವಂಶವಾಹಿಯಲ್ಲಿ, ಪ್ರೋಟೀನಿನ ಅಮೈನೋ ಆಮ್ಲಗಳ ಸಾಲಿನ 576ನೇ ಲ್ಯೂಸಿನ್ ಪ್ರೋಲಿನ್ ಆಗುವುದು, 642ನೇ ಲೈಸಿನ್ ಗ್ಲುಟಾಮಿಕ್ ಆಮ್ಲವಾಗುವುದು ಮತ್ತೆ ಮತ್ತೆ ಕಾಣುತ್ತದೆ. 576 ಇರುವ ಭಾಗವೇ ಈ ಗ್ರಾಹಕವನ್ನು ಸಂಕೇತ ಬರುವವರೆಗೆ ತಡೆದಿಡುವುದರಿಂದ ಅಲ್ಲಿ ಕೆಟ್ಟರೆ ಹೊರಗಿನ ಸಂಕೇತವಿಲ್ಲದೆಯೂ ಕಿಟ್ ಎಚ್ಚರವಾಗಿರುತ್ತದೆ. ಎನ್‌ಎಫ್1 ಮತ್ತು ಸ್ಪ್ರೆಡ್1 ವಂಶವಾಹಿಗಳಲ್ಲಿ ಹಾನಿ ಚದುರಿರುತ್ತದೆ, ಅಳಿಸುವಿಕೆಗಳೂ ಇರುತ್ತವೆ, ಅಂದರೆ ಇವುಗಳ ಪ್ರೋಟೀನ್ ಕೆಟ್ಟು ಇಲ್ಲವಾಗುತ್ತದೆ.

ಒಂದು ಪ್ರೋಟೀನ್ ಇಲ್ಲವಾದರೆ ಸಂಕೇತ ಹೆಚ್ಚುವುದು ಹೇಗೆ ಎಂಬುದು ಇಡೀ ವಿಷಯದ ಗಂಟು, ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ. ಕಿಟ್ ಎಚ್ಚರಗೊಂಡಾಗ ಕೋಶಪೊರೆಯ ಒಳಮೈಗೆ ಅಂಟಿಕೊಂಡಿರುವ ರಾಸ್ ಪ್ರೋಟೀನ್ ಜಿಡಿಪಿ ಎಂಬ ಸಣ್ಣ ಅಣುವನ್ನು ಬಿಟ್ಟು, ಅದಕ್ಕಿಂತ ಒಂದು ಫಾಸ್ಫೇಟ್ ಹೆಚ್ಚಿರುವ ಜಿಟಿಪಿಯನ್ನು ಹಿಡಿಯುತ್ತದೆ. ಜಿಟಿಪಿ ಹಿಡಿದಿರುವವರೆಗೂ ರಾಸ್ ಕೆಳಗಿನ ರಾಫ್, ಮೆಕ್, ಎರ್ಕ್ ಸರಪಳಿಗೆ ವಿಭಜನೆಯ ಆಜ್ಞೆ ಕಳುಹಿಸುತ್ತದೆ. ಜಿಟಿಪಿಯನ್ನು ಒಡೆದು ಸುಮ್ಮನಾಗುವ ಸಾಮರ್ಥ್ಯ ರಾಸ್‌ಗೆ ಇದೆ, ಆದರೆ ತೀರಾ ಮಂದ. ಅದನ್ನು ಚುರುಕುಗೊಳಿಸುವುದು ಎನ್‌ಎಫ್1 ತಯಾರಿಸುವ ನ್ಯೂರೋಫೈಬ್ರೋಮಿನ್. ಇಲ್ಲಿ ಇನ್ನೊಂದು ಹೆಜ್ಜೆಯಿದೆ: ರಾಸ್ ಪೊರೆಯ ಬಳಿ ಇರುವುದರಿಂದ ನ್ಯೂರೋಫೈಬ್ರೋಮಿನ್ ಕೂಡ ಅಲ್ಲಿಗೆ ಬರಬೇಕು, ಅದನ್ನು ಕರೆತರುವುದು ಸ್ಪ್ರೆಡ್1. ಸ್ಪ್ರೆಡ್1 ಇಲ್ಲವಾದಾಗ ನ್ಯೂರೋಫೈಬ್ರೋಮಿನ್ ಪೂರ್ತಿ ಸರಿಯಾಗಿದ್ದರೂ ಕೆಲಸದ ಜಾಗಕ್ಕೆ ತಲುಪುವುದಿಲ್ಲ. ರಾಸ್‌ಗಳಲ್ಲಿ ಒಂದಾದ ಎನ್‌ರಾಸ್‌ನ 61ನೇ ಸ್ಥಾನ ಕೆಟ್ಟಾಗಲಂತೂ ನ್ಯೂರೋಫೈಬ್ರೋಮಿನ್ ಪಕ್ಕಕ್ಕೆ ಬಂದರೂ ಪ್ರಯೋಜನವಿಲ್ಲ, ಏಕೆಂದರೆ ಜಿಟಿಪಿಯನ್ನು ಒಡೆಯುವ ಯಂತ್ರಾಂಗವೇ ಹಾಳಾಗಿರುತ್ತದೆ. ಮೂರು ಬೇರೆ ಹಾನಿಗಳ ಫಲ ಒಂದೇ: ಜಿಟಿಪಿ ಹಿಡಿದ ರಾಸ್ ಬಹಳ ಹೊತ್ತು ಉಳಿಯುತ್ತದೆ.

ಮೇಲಿನ ಪ್ರಶ್ನೆಗೆ ನೇರವಾಗಿ ಬಗ್ಗದ ವಂಶವಾಹಿ ಎಸ್‌ಎಫ್3ಬಿ1. ಗುದನಾಳ ಮತ್ತು ಯೋನಿಯ ಗಡ್ಡೆಗಳಲ್ಲಿ ಇದು ಹೆಚ್ಚು. ಪೆಟ್ಟು ಬೀಳುವುದು 625ನೇ ಆರ್ಜಿನಿನ್‌ಗೆ, ಕಣ್ಣಿನೊಳಗಿನ ಮೆಲನೋಮದಲ್ಲೂ ಅಲ್ಲಿಗೇ. ರಕ್ತದ ಕಾಯಿಲೆಗಳಲ್ಲಾದರೋ 700ನೇ ಲೈಸಿನ್ ಮುಖ್ಯ ಗುರಿ. ಜಾಗ ನಿಶ್ಚಿತವಾಗಿದ್ದರೂ ಇಲ್ಲಿ ಪ್ರೋಟೀನಿನ ವೇಗ ಹೆಚ್ಚುವುದಿಲ್ಲ, ಕೆಲಸದ ರೀತಿ ಬದಲಾಗುತ್ತದೆ: ವಂಶವಾಹಿಯ ನಕಲಾದ ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವಾಗ ಸರಿಯಾದ ಗಡಿಗಿಂತ ಸ್ವಲ್ಪ ಮೊದಲೇ ಕತ್ತರಿ ಬೀಳುತ್ತದೆ. ಹೀಗೆ ತಪ್ಪಾಗಿ ಜೋಡಣೆಯಾದ ಆರ್‌ಎನ್‌ಎಗಳಲ್ಲಿ ಹಲವನ್ನು ಕೋಶವೇ ನಾಶಮಾಡುತ್ತದೆ.

ಔಷಧದ ವಿಷಯಕ್ಕೆ ಬಂದಾಗ ಕಿಟ್ ಕುರಿತ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. 2006ರ ಅಧ್ಯಯನವೊಂದು ಲೋಳೆಪೊರೆಯ ಮೆಲನೋಮಗಳಲ್ಲಿ ಶೇ 39ರಷ್ಟರಲ್ಲಿ ಕಿಟ್ ವ್ಯತ್ಯಾಸ ಕಂಡಿತು ಎಂಬ ಮಾತು ಎಲ್ಲೆಡೆ ಉಲ್ಲೇಖವಾಗುತ್ತದೆ, ಆದರೆ ಆ ಲೆಕ್ಕದಲ್ಲಿ ಉತ್ಪರಿವರ್ತನೆಗಳ ಜೊತೆಗೆ ಪ್ರತಿಗಳ ಹೆಚ್ಚಳವೂ ಸೇರಿದೆ. ಕಿಟ್ ಅನ್ನು ತಡೆಯುವ ಇಮ್ಯಾಟಿನಿಬ್ ಎಂಬ ಔಷಧದ ನಂತರದ ಪ್ರಯೋಗಗಳಲ್ಲಿ ಗಡ್ಡೆ ಕುಗ್ಗಿದ್ದು ಮುಖ್ಯವಾಗಿ ಉತ್ಪರಿವರ್ತನೆ ಇದ್ದವರಲ್ಲಿ, ಪ್ರತಿಗಳಷ್ಟೇ ಹೆಚ್ಚಿದ್ದವರಲ್ಲಿ ಅಲ್ಲ. ಸ್ಪ್ರೆಡ್1 ನಷ್ಟ ಕಿಟ್ ಉತ್ಪರಿವರ್ತನೆಯೊಂದಿಗೆ ಕೂಡಿ ಬರುವುದುಂಟು. ಆಗ ಕಿಟ್‌ಗೆ ಔಷಧದ ತಡೆ ಹಾಕಿದರೂ ಉಳಿದಷ್ಟು ಸಂಕೇತ ರಾಸ್‌ನಲ್ಲಿ ಬೇಗ ಇಳಿಯುವುದಿಲ್ಲ. ಉತ್ಪರಿವರ್ತನೆಗಳೂ ಎಲ್ಲವೂ ಒಂದೇ ಅಲ್ಲ: ಇಮ್ಯಾಟಿನಿಬ್ ಕಿಟ್‌ನ ನಿಷ್ಕ್ರಿಯ ರೂಪಕ್ಕೆ ಅಂಟುವ ಔಷಧ, 816ನೇ ಆಸ್ಪಾರ್ಟಿಕ್ ಆಮ್ಲ ವ್ಯಾಲಿನ್ ಆದಾಗ ಪ್ರೋಟೀನ್ ಸಕ್ರಿಯ ರೂಪದಲ್ಲೇ ನಿಲ್ಲುವುದರಿಂದ ಅದಕ್ಕೆ ಹಿಡಿತ ಸಿಗುವುದಿಲ್ಲ.